ಹೆಣ್ಣು ಬಾವಲಿಯ ಗಡ್ಡ

"ಇನ್ನೊಂದ್ಸಲ ಅಲ್ಲಾಡಸ್ರಿ ಮೇಡಂ," ಅಂದಳು ಕೃಷ್ಣಪ್ರಿಯಾ.

ಎಸ್‌ಐ ಬಸವೇಶ್ವರಿ ಗಾಜಿನ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದಳು. ಸ್ಪಿರಿಟ್ಟಿನಲ್ಲಿ ಮುಳುಗಿದ್ದ ಬಾವಲಿ ಒಂದು ಸುತ್ತು ತಿರುಗಿ, ಗಾಜಿಗೆ ಮುಖ ಒತ್ತಿ ನಿಂತಿತು. ಅದರ ಗದ್ದದಿಂದ ಕರಿ ಎಳೆಯೊಂದು ಬಿಟ್ಟುಕೊಂಡು, ಹೊಗೆಯ ಹಾಗೆ ಸುರುಳಿ ಸುತ್ತುತ್ತ ತಳಕ್ಕಿಳಿಯಿತು. ತಳದಲ್ಲಿ ಆಗಲೇ ಒಂದು ಪದರ ಮಸಿ ಕೂತಿತ್ತು.

"ಗಡ್ಡ ಬಣ್ಣ ಬಿಡಾಕತ್ತೈತಲ್ಲ!" ಅಂದ ಕಾನ್ಸ್‌ಟೇಬಲ್ ವಿನಯ, ಬಾಗಿಲಲ್ಲಿ ನಿಂತೇ. "ನಮ್ಮ ಕಾಕಾ ಮೀಸಿಗೆ ಬಣ್ಣ ಹೊಡಕೊಂಡು ಮದವಿಗೆ ಬಂದು ಬೆವತಿದ್ದ ನೋಡ್ರಿ, ಹಂಗ."

ಯಾರೂ ನಗಲಿಲ್ಲ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಬಸವೇಶ್ವರಿಯ ಕಣ್ಣುಗಳು ಉರಿಯುತ್ತಿದ್ದವು. ದೊಡ್ಡ ಚುನಾವಣೆಯ ಬಂದೋಬಸ್ತು ಮುಗಿಯಿತು ಅನ್ನುವಷ್ಟರಲ್ಲಿ ಮಂಡಲದ ಚುನಾವಣೆ, ಅದೂ ಮುಗಿಯಿತು ಅನ್ನುವಷ್ಟರಲ್ಲಿ ಈ ಹೆಣ. ಗಟ್ಟು ಊರಿನ ದಾರಿಯ ಹಳೇ ಗುಮ್ಮಟದೊಳಗೆ ಭಾರ್ಗವ ಅನ್ನುವ ಸಂಶೋಧಕ ಹುಡುಗ ತಲೆ ಒಡೆದು ಬಿದ್ದಿದ್ದ. ಪಕ್ಕದಲ್ಲಿ ಕುರುಮಯ್ಯ ಅನ್ನುವವನ ಬುಟ್ಟಿ ಸಿಕ್ಕಿತ್ತು. ಬುಟ್ಟಿಯ ಜಾಡು ಹಿಡಿದು ಹೋದರೆ ಕುರುಮಯ್ಯನೂ ಸಿಕ್ಕಿದ್ದ.

ಮೇಲಿನವರಿಗೆ ಅಷ್ಟು ಸಾಕಿತ್ತು. ಕೊಂದವನೊಬ್ಬ ಬೇಕಾಗಿದ್ದ, ಹರಕು ಅಂಗಿಯವನೊಬ್ಬ ಸಿಕ್ಕ. ಹರಕು ಅಂಗಿಯವನ ಪರವಾಗಿ ಯಾವ ಊರಿನಿಂದಲೂ ಯಾರೂ ಫೋನು ಮಾಡುವುದಿಲ್ಲ.

ಕುರುಮಯ್ಯನ ಕಸುಬು ಬಾವಲಿ ಹಿಕ್ಕೆ. ಗುಮ್ಮಟದ ನೆಲ ಗುಡಿಸಿ, ಬುಟ್ಟಿ ತುಂಬಿ, ಐಜದ ಕಡೆಯ ಶೇಂಗಾ ಹೊಲಗಳಿಗೆ ಗೊಬ್ಬರವಾಗಿ ಒಯ್ದು ಹಾಕುತ್ತಿದ್ದ. ಬಾವಲಿಗಳು ಬೆದರುತ್ತವೆ, ಗುಮ್ಮಟಕ್ಕೆ ಬೀಗ ಹಾಕಿಸುತ್ತೇನೆ ಅಂತ ಭಾರ್ಗವ ಅಂದಿದ್ದ. ಬೀಗ ಹಾಕಿದರೆ ನಿನ್ನ ತಲೆ ಒಡೆಯುತ್ತೇನೆ ಅಂತ ಕುರುಮಯ್ಯ ಗಟ್ಟಿನ ಹೋಟೆಲಿನಲ್ಲಿ, ಹತ್ತು ಜನ ಚಹಾ ಕುಡಿಯುವಾಗ, ಕೂಗಿದ್ದ. ಹೌದು, ಕೂಗಿದೆ ಅಂತ ಅವನೇ ಒಪ್ಪಿಕೊಂಡಿದ್ದ. ಸಿಟ್ಟಿನಲ್ಲಿ ಆಡಿದ ಮಾತನ್ನು ಮುಚ್ಚಿಡುವ ಬುದ್ಧಿ ಅವನಿಗಿರಲಿಲ್ಲ.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಸಿಐ ಸಾಹೇಬರು. ಏನಾಯಿತು, ರಿಪೋರ್ಟ್ ಎಲ್ಲಿ ಅಂತ ತೆಲುಗಿನಲ್ಲೇ ಶುರು.

"ಏಮಯಿಂದಮ್ಮಾ? ರಿಮಾಂಡ್ ರಿಪೋರ್ಟ್ ಎಕ್ಕಡ?"

"ಸಾರ್, ಒಂದು ಸಂಶಯ ಐತ್ರಿ..."

"ಸಂಶಯ ಇದ್ರೆ ಮನುಷ್ಯನ್ನ ತೋರಿಸು. ಆ ಹುಡುಗನ್ನ ಕೊಲ್ಲಾಕ ಕಾರಣ ಇದ್ದ ಇನ್ನೊಬ್ಬನ್ನ. ಇವತ್ತು ಕೋರ್ಟು ಏಳೋದರೊಳಗೆ ತೋರಿಸು. ಇಲ್ಲಂದ್ರೆ ಕುರುಮಯ್ಯ ಜೈಲಿಗೆ. ನಾನೇ ಕರ್ಕೊಂಡು ಹೋಗಿ ನಿಲ್ಲಿಸ್ತೀನಿ. ಸರೇನಾ?"

ಫೋನು ಇಟ್ಟರು. ಬಸವೇಶ್ವರಿ ಕಿಟಕಿಯಾಚೆ ನೋಡಿದಳು. ಮೆಟ್ಟಿಲ ಮೇಲೆ ಕುರುಮಯ್ಯನ ಹೆಂಡತಿ ಶೇಖಮ್ಮ ಸೆರಗು ತಲೆಗೆಳೆದುಕೊಂಡು ಕೂತಿದ್ದಳು. ನಿನ್ನೆಯೂ ಅಲ್ಲೇ ಕೂತಿದ್ದಳು.

"ಸರಿ," ಅಂದಳು ಬಸವೇಶ್ವರಿ. "ಹೊರಗ ತಗೀರಿ. ನನಗ ತಿಳಿಯೋ ಹಂಗ ಹೇಳ್ರಿ."

ಕೃಷ್ಣಪ್ರಿಯಾ ಭಾರ್ಗವನ ಜೊತೆಗೇ ಬಾವಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು; ಭರಣಿಯನ್ನು ಅವನ ಮೇಜಿನ ಮೇಲಿಂದ ಸ್ಟೇಷನ್ನಿಗೆ ತಂದವಳೂ ಅವಳೇ. ಅತ್ತೂ ಅತ್ತೂ ಮುಖ ಬಾತಿತ್ತು. ಆದರೆ ಬಾವಲಿಯನ್ನು ಕೈಗೆ ತಗೊಂಡ ಕೂಡಲೇ ನುರಿತ ಬೆರಳುಗಳಿಂದ ರೆಕ್ಕೆ ಬಿಡಿಸಿ ಹಾಳೆಯ ಮೇಲೆ ಹರವಿದಳು.

"ಇಲ್ಲಿ ನೋಡ್ರಿ. ರೆಕ್ಕಿ ಮಣಿಕಟ್ಟಿನ ಹತ್ರ ಸಣ್ಣ ಚೀಲ ಅದ. ಇದು ಇದ್ರ ಟ್ಯಾಫೊಜೋಸ್ ಕುಲ. ಗೋರಿ ಬಾವಲಿ ಅಂತಾರ, ಗೋರಿ, ಗುಮ್ಮಟ, ಕ್ವಾಟಿ ಒಳಗ ಇರ್ತಾವ ಅಂತ. ಚೀಲ ಇಲ್ಲಂದ್ರ ಬ್ಯಾರೆ ಕುಲ. ಮೊದಲು ಎರಡನ್ನೂ ಒಂದ ಕುಲ ಅಂತಿದ್ರು. ಆಮ್ಯಾಲೆ ಪಾಲು ಮಾಡಿದ್ರು."

"ನಮ್ಮ ರಾಜ್ಯ ಒಡದಂಗ," ಅಂದ ವಿನಯ.

"ಹೂಂ. ಅದಕ್ಕೂ ಭಾಳ ವರ್ಷ ಜಗಳಾಡ್ಯಾರ."

"ಮುಂದ ಹೇಳ್ರಿ," ಅಂದಳು ಬಸವೇಶ್ವರಿ.

"ಈ ಕುಲದೊಳಗ ನಮ್ಮ ಕಡೆ ಸಿಗೋ ಪ್ರಭೇದ ನಾಕೈದು. ಅದರಾಗ ಎರಡು ನೆನಪಿಟ್ಕೋರಿ, ಸಾಕು. ಒಂದು ಗಡ್ಡದ್ದು. ಅದಕ್ಕ ಗದ್ದದ ಕೆಳಗ ಕರಿ ಕೂದಲು, ಹೊಟ್ಟಿ ಮ್ಯಾಲೂ ಕೂದಲು. ಇನ್ನೊಂದು ಬತ್ತಲೆ ಹೊಟ್ಟಿದು. ಇಲ್ಲಿ, ಸೊಂಟದಿಂದ ಕೆಳಗ, ಕೂದಲ ಇಲ್ಲ. ಅದಕ್ಕ ಗಡ್ಡಾನೂ ಇಲ್ಲ."

ಬಸವೇಶ್ವರಿ ಬಗ್ಗಿದಳು. ಬಾವಲಿಯ ಹೊಟ್ಟೆಯ ಕೆಳಭಾಗ ಬೋಳಾಗಿ, ಸುಕ್ಕುಸುಕ್ಕಾಗಿತ್ತು. ಗದ್ದದ ಕೆಳಗೆ ಗಡ್ಡವಿತ್ತು.

"ಎರಡೂ ಐತಿ ಇದಕ್ಕ."

"ಅದಕ್ಕ ನೋಡ್ರಿ ನಮ್ಮ ಗುರುಗಳು, ನಾರಾಯಣಪೇಟಿ ಪ್ರಹ್ಲಾದರಾವ್ ಸರ್, ಇದನ್ನ ಹೊಸ ಪ್ರಭೇದ ಅಂದ್ರು. ಹೊಸ ರಾಜ್ಯದ್ದ ಹೆಸರು ಇಟ್ರು. ಪೇಪರಿನಾಗ ಫೋಟೋ ಬಂತು. ಬರೋ ಭಾನುವಾರ ರಾಜ್ಯ ಹುಟ್ಟಿದ ದಿನದ ವೇದಿಕಿ ಮ್ಯಾಲೆ ಅವರಿಗೆ ಸನ್ಮಾನ ಅದ."

ಬಸವೇಶ್ವರಿ ಹತ್ತಿಯ ಉಂಡೆಯೊಂದನ್ನು ಗಡ್ಡಕ್ಕೆ ಒತ್ತಿದಳು. ಹತ್ತಿ ಕಪ್ಪಾಯಿತು. ಕಪ್ಪನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದಳು. ಜಿಡ್ಡು. ಸ್ವಲ್ಪ ಹೊತ್ತು ಹಾಗೇ ತಿಕ್ಕುತ್ತ ಕೂತಳು. ಮಗಳು ಹುಟ್ಟಿದಾಗ ಅವ್ವ ಔಡಲೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಹಿಡಿದ ಮಸಿ, ಬೆರಳಿಗೆ ಹೀಗೇ ಅಂಟುತ್ತಿತ್ತು.

"ಕಾಡಿಗಿ ಇದು," ಅಂದಳು. "ಅಂಗಡೀದಲ್ಲ. ಮನಿಯಾಗ ಮಾಡಿದ್ದು."

ಕೃಷ್ಣಪ್ರಿಯಾ ಬಾವಲಿಯನ್ನು ಮೆಲ್ಲಗೆ ಅಂಗಾತ ತಿರುಗಿಸಿ, ರೆಕ್ಕೆಯ ಬುಡದ ಕಂಕುಳನ್ನು ತೋರಿಸಿದಳು. ಅಲ್ಲಿ ಸಾಸಿವೆ ಕಾಳಿನಷ್ಟು ಮೊಲೆತೊಟ್ಟು.

"ಹೆಣ್ಣು. ಗಡ್ಡದ ಪ್ರಭೇದದಾಗೂ ಗಡ್ಡ ಇರೋದು ಗಂಡಿಗೆ. ಹೆಣ್ಣಿಗೆ ಇರಂಗಿಲ್ಲ. ಫೋಟೋ ತಗದಾಗ ಇದು ಒಣಾ ಇತ್ತು ಮೇಡಂ, ಫಾರ್ಮಲಿನ್ ಚುಚ್ಚಿ ಹಲಗಿ ಮ್ಯಾಲೆ ಬಿಗಿದಿದ್ರು. ಸ್ಪಿರಿಟ್ಟಿಗೆ ಹಾಕಿದವ ಭಾರ್ಗವ. ಹಾಕಿದ ಮ್ಯಾಲೆ ಮಸಿ ಇಳಿದದ್ದು ನೋಡ್ಯಾನ. ಅವಗ ಗೊತ್ತಾಗ್ಯದ."

"ಬಣ್ಣ ಹಚ್ಚಿದವ ಅವನ ಯಾಕಾಗಬಾರದು?"

"ಅಂವ ಆಗಿದ್ರ ಈ ಬಾವಲಿ ಕುತ್ತಿಗಿಗೆ ಹಿಂಗ ಆಗ್ತಿದ್ದಿಲ್ಲ." ಅವಳು ಬೆರಳಿಟ್ಟ ಕಡೆ, ಕಿವಿಯ ಹಿಂದೆ ಎರಡೂ ಬದಿಗೆ, ಅಗಲವಾದ ತಗ್ಗು ಬಿದ್ದಿತ್ತು. ಕಬ್ಬಿಣದ ಬಾಯೊಂದು ಕಚ್ಚಿ ಹಿಡಿದ ಗುರುತು. "ನಮ್ಮ ಚಿಮಟಿ ಸೂಜಿಯಂಗ ಸಣ್ಣ. ಮ್ಯಾಲೆ ಭಾರ್ಗವ ಚಿಮಟಿನೂ ಮುಟ್ಟತಿದ್ದಿಲ್ಲ, ಬರೀ ಕೈಲೆ ಹಿಡಿಯಾಂವ. ಪ್ರಹ್ಲಾದರಾವ್ ಸರೂ ಹಂಗ. ಇದು ಮೈ ಮುಟ್ಟಲಾರದವರ ಕೆಲಸ."

"ನಾರಾಯಣಪೇಟಕ್ಕ ಬರ್ರಿ ನನ್ನ ಜೋಡಿ. ಅವರ ಮುಂದ ಇದನ್ನ ಹೇಳ್ರಿ."

ಹುಡುಗಿ ತಲೆ ಅಲ್ಲಾಡಿಸಿದಳು. "ನನಗ ಬಾವಲಿ ಹಿಡಿಯೋದು ಕಲಿಸಿದವರು ಅವರ. ಅವರ ಮುಂದ ನಿಂತು ಹೇಳೋದು ನನ್ನ ಕೈಲೆ ಆಗಂಗಿಲ್ಲ. ಬೈರಿ ಬೇಕಾದ್ರ."

ಬೈಯುವಷ್ಟು ಶಕ್ತಿ ಬಸವೇಶ್ವರಿಗೂ ಇರಲಿಲ್ಲ. ಬಾವಲಿಯನ್ನು ಭರಣಿಗೆ ಹಾಕಿ, ಮುಚ್ಚಳ ಬಿಗಿದು, ಟೋಪಿ ಹಾಕಿಕೊಂಡು ಹೊರಟಳು.

ಮೆಟ್ಟಿಲ ಮೇಲೆ ಶೇಖಮ್ಮ ಕಾಲಿಗೆ ಅಡ್ಡ ಬರಲಿಲ್ಲ, ಕೈ ಮುಗಿಯಲಿಲ್ಲ. ಭರಣಿಯ ಕಡೆ ಗದ್ದ ಎತ್ತಿ ಕೇಳಿದಳು.

"ಅದನ್ನ ಎಲ್ಲಿ ಒಯ್ಯಾಕತ್ತೀಯಮ್ಮಾ, ಜೀಪಿನಾಗ?"

"ಇದು ಯಾವ ಪ್ರಭೇದ ಅಂತ ಕೇಳಾಕ."

"ನೋಡು ಮತ್ತ. ಸತ್ತ ಗಬ್ಬಿಲಕ್ಕ ಜೀಪು, ಪೆಟ್ರೋಲು, ಕೇಳಾವರು. ನನ್ನ ಗಂಡನ್ನ ಇವನು ಖೂನಿ ಮಾಡಾವ ಅಂತ ಹೇಳಾಕ ಯಾರನ್ನ ಕೇಳಿದ್ರಿ? ಅಂಗಿ ನೋಡಿದ್ರಿ, ಹೇಳಿದ್ರಿ."

ವಿನಯ ಗದರಿಸಲು ಬಾಯಿ ತೆರೆದ. ಬಸವೇಶ್ವರಿ ಅವನ ತೋಳು ಹಿಡಿದು ನಿಲ್ಲಿಸಿದಳು. ಶೇಖಮ್ಮ ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

"ಕೋರ್ಟು ಏಳೋದರೊಳಗ ಬರ್ತೀನಿ," ಅಂದಳು.

"ಬಾ," ಅಂದಳು ಶೇಖಮ್ಮ. "ಎಲ್ಲಾರೂ ಹಂಗ ಅಂತಾರ. ನೀನೂ ಅನ್ನು."

ಜೂರಾಲಾ ಕಟ್ಟೆಯ ಮೇಲೆ ಜೀಪು ಓಡುವಾಗ ಕೃಷ್ಣೆಯಲ್ಲಿ ನೀರಿಗಿಂತ ಬಂಡೆ ಹೆಚ್ಚು ಕಾಣುತ್ತಿತ್ತು. ಭರಣಿ ತೊಡೆಯ ಮೇಲೆ. ಪ್ರತಿ ಗುಂಡಿಗೂ ಬಾವಲಿ ಒಮ್ಮೆ ಮಗ್ಗುಲು ಬದಲಿಸುತ್ತಿತ್ತು. ಮಕ್ತಲ್ ದಾಟುವಷ್ಟರಲ್ಲಿ ಬಸವೇಶ್ವರಿಗೆ ಜೋಂಪು ಹತ್ತಿತು. ಭರಣಿ ಜಾರಿದಾಗ ಗಾಬರಿಯಾಗಿ ಅಪ್ಪಿ ಹಿಡಿದಳು. ವಿನಯ ಗಾಡಿಯ ವೇಗ ಇಳಿಸಿದ.

"ಮೆಲ್ಲಕ ಹೋಗಬ್ಯಾಡೋ. ನಿದ್ದಿ ಆಮ್ಯಾಲ ಮಾಡೋಣು."

"ಯಾವಾಗ್ರಿ ಮೇಡಂ?"

"ರಿಟೈರ್ ಆದ ಮ್ಯಾಲ."

ನಾರಾಯಣಪೇಟೆಯ ಆ ಗಲ್ಲಿಯಲ್ಲಿ ಎರಡೂ ಬದಿಗೆ ಮಗ್ಗದ ಸದ್ದು. ಪ್ರಹ್ಲಾದರಾಯರ ಮನೆ ಕೊನೆಯದು. ಕಟ್ಟೆಯ ಮೇಲೆ ಅಡ್ಡಲಾಗಿ ಕಟ್ಟಿದ ಹಗ್ಗದಲ್ಲಿ ಒದ್ದೆ ಸೀರೆ ಒಣಗುತ್ತಿತ್ತು.

"ನಿಂದರ್ರಿ, ನಿಂದರ್ರಿ! ಹಗ್ಗ ಮುಟ್ಟಬ್ಯಾಡ್ರಿ, ಮಡಿ ಬಟ್ಟಿ ಹಾಕೀನಿ." ಒಳಗಿನಿಂದ ಬಂದ ಹೆಂಗಸಿಗೆ ಅರವತ್ತರ ಆಸುಪಾಸು. ರಾಯರ ಹೆಂಡತಿ ಸರಸ್ವತಿಬಾಯಿ. ಪೊಲೀಸ್ ಅಂಗಿ ಕಂಡು ಅವರ ಮುಖ ಬದಲಾಗಲಿಲ್ಲ. ಭರಣಿ ಕಂಡು ಬದಲಾಯಿತು. "ಅದನ್ನ ಒಳಗ ತರಬ್ಯಾಡ್ರಿ. ಸತ್ತದ್ದು ಅದ. ಹೊರಗಿನ ಖೋಲಿಯೊಳಗ ಹೋಗ್ರಿ, ಅವರು ಅಲ್ಲೇ ಇದ್ದಾರ."

ಹೊರಗಿನ ಖೋಲಿಯ ಗೋಡೆಗಳ ತುಂಬ ಹಲಗೆ, ಹಲಗೆಗಳ ತುಂಬ ಭರಣಿ. ನಡುವೆ ಬೆತ್ತದ ಕುರ್ಚಿಯಲ್ಲಿ ಕಪ್ಪು ಕನ್ನಡಕದ ಎತ್ತರದ ಮನುಷ್ಯ. ಬಸವೇಶ್ವರಿ ಹೆಸರು ಹೇಳಿದಾಗ ಅವರು ಕೈ ಚಾಚಿ, ಗಾಳಿಯಲ್ಲಿ ತಡಕಾಡಿ, ಎದುರಿನ ಸ್ಟೂಲು ತೋರಿಸಿದರು.

"ಕೂಡ್ರವಾ. ಕಣ್ಣಿಗೆ ಪೊರಿ ಬಂದದ ನನಗ. ಭಾರ್ಗವನ ಕಣ್ಣ ನನ್ನ ಕಣ್ಣು ಆಗಿತ್ತು. ಈಗ ಅದೂ ಹೋತು."

"ಅಂವ ಸಾಯೋಕಿಂತ ಮೊದಲು ಇಲ್ಲಿಗೆ ಬಂದಿದ್ನೇನ್ರಿ?"

"ಇಲ್ಲ. ನಾನೂ ಹೊಸ್ತಿಲ ದಾಟಿ ಎರಡು ತಿಂಗಳಾತು."

"ಹೊಸ ಪ್ರಭೇದ ಸಿಕ್ಕತಂತಲ್ರಿ ನಿಮಗ."

ಆ ಮಾತಿಗೆ ಅವರ ಬೆನ್ನು ನೆಟ್ಟಗಾಯಿತು. "ಅಂವ ನೋಡಿ ಹೇಳ್ದ, ನಾ ಹೇಳಿ ಬರಸಿದೆ. ಆ ಕುಲದೊಳಗ ಹಂಥಾದ್ದು ಯಾರೂ ಕಂಡಿಲ್ಲ. ಬತ್ತಲೆ ಹೊಟ್ಟಿ, ಗಡ್ಡ, ಎರಡೂ ಒಂದ ಮೈಯೊಳಗ! ಅದೂ ಹೆಣ್ಣು! ಗಂಡಿಗಷ್ಟ ಇರೋ ಗಡ್ಡ ಹೆಣ್ಣಿಗೂ ಬಂದದ ಅಂದ್ರ ಪ್ರಭೇದ ಹೊಸದು ಅನ್ನಲಿಕ್ಕೆ ಇನ್ನೇನು ಬೇಕು? ನಲವತ್ತು ವರ್ಷ, ತಂಗಿ. ನಾ ಹಿಡಿದ ಬಾವಲಿ ರಾಜಧಾನಿ ಮಂದಿ ಒಯ್ದ್ರು, ಅವರ ಹೆಸರು ಹಾಕ್ಕೊಂಡ್ರು. ಹಳೇ ರಾಜ್ಯದಾಗ ನಾರಾಯಣಪೇಟಿ ಮಾಸ್ತರ ಅಂದ್ರ ಹಿಂದಿನ ಬೆಂಚು. ಈಗ ಒಂದ ಸಲ, ಒಂದ, ಮುಂದ ಕೂಡ್ತೀನಿ."

ಸುಳ್ಳಾಡುತ್ತಿಲ್ಲ ಅನ್ನಿಸಿತು ಬಸವೇಶ್ವರಿಗೆ. ಕನಿಷ್ಠ ಆ ಕೊನೆಯ ಮಾತಿನಲ್ಲಿ. ಹಿಂದಿನ ಬೆಂಚು ಅವಳಿಗೂ ಗೊತ್ತಿತ್ತು. ಆದರೆ ಹಿಂದಿನ ಬೆಂಚೂ ಸಿಗದೆ ಲಾಕಪ್ಪಿನ ನೆಲದ ಮೇಲೆ ಕೂತವನ ನೆನಪಾಗಿ, ಭರಣಿಯನ್ನು ಮೇಜಿನ ಮೇಲೆ ಟಕ್ ಅಂತ ಇಟ್ಟಳು.

"ಇದರ ಗಡ್ಡ ಕಾಡಿಗಿ ಐತ್ರಿ ರಾಯರ."

ಪಕ್ಕದ ಮನೆಯ ಮಗ್ಗ ನಿಂತ ಹಾಗಾಯಿತು. ನಿಂತಿರಲಿಲ್ಲ. ಖೋಲಿಯೊಳಗಿನ ಉಸಿರು ನಿಂತಿತ್ತು.

"ಹಂಗಂದ್ರ..." ರಾಯರು ತುಟಿ ಒರೆಸಿಕೊಂಡರು. "ಹಂಗಂದ್ರ ನನಗ ಮೋಸ ಆಗ್ಯದ. ಆ ಹುಡುಗ ಮಾಡ್ಯಾನ. ಕುರುಡ ಮಾಸ್ತರ, ಏನು ಹೇಳಿದ್ರೂ ನಂಬ್ತಾನ ಅಂತ."

ಆಗಲೇ ಒಳಬಾಗಿಲಲ್ಲಿ ಸರಸ್ವತಿಬಾಯಿ ಕಾಣಿಸಿಕೊಂಡರು. ಬಂದವರು ಯಾರೇ ಆಗಲಿ, ಕಾಫಿ ಕೊಡದೆ ಕಳಿಸುವ ಮನೆಯಲ್ಲ. ಹೊಸ್ತಿಲ ಮೇಲೆ ಸ್ಟೀಲಿನ ಲೋಟಗಳನ್ನಿಟ್ಟು, ಕುದಿಯುವ ಪಾತ್ರೆಯನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದು, ಮೇಲಿನಿಂದಲೇ ಹೊಯ್ದರು. ಲೋಟಕ್ಕೆ ಪಾತ್ರೆ ತಾಗಲಿಲ್ಲ. ಪಾತ್ರೆಗೆ ಕೈ ತಾಗಲಿಲ್ಲ.

ಬಸವೇಶ್ವರಿ ಲೋಟ ಎತ್ತಲಿಲ್ಲ. ಇಕ್ಕಳದ ಬಾಯನ್ನೇ ನೋಡಿದಳು. ಅಗಲ ಬಾಯಿ.

"ಅಮ್ಮಾರ, ಆ ಇಕ್ಕಳ ಇಲ್ಲಿ ಹಿಡೀತೀರೇನ್ರಿ?"

"ಮಡೀದು ಅದು."

"ನಾ ಮುಟ್ಟಂಗಿಲ್ರಿ. ನೀವ ಹಿಡೀರಿ, ಅಲ್ಲೇ."

ಸರಸ್ವತಿಬಾಯಿ ಪಾತ್ರೆ ಇಳಿಸಿ ಇಕ್ಕಳ ಮುಂದೆ ಮಾಡಿದರು. ಬಸವೇಶ್ವರಿ ಭರಣಿಯನ್ನು ಅದರ ಹತ್ತಿರ ಎತ್ತಿ, ಬಾವಲಿಯ ಕುತ್ತಿಗೆ ಕಾಣುವಂತೆ ತಿರುಗಿಸಿದಳು. ಗಾಜಿನಾಚೆ ತಗ್ಗು, ಗಾಜಿನೀಚೆ ಕಬ್ಬಿಣ. ಒಂದಕ್ಕೊಂದು ಹೊಂದಿತು.

"ಹಚ್ಚಿದವರು ನೀವು," ಅಂದಳು.

ಸರಸ್ವತಿಬಾಯಿ ಗಂಡನ ಕಡೆ ನೋಡಿದರು. ರಾಯರು ಮಾತು ಶುರುಮಾಡಲು ತಡ ಮಾಡಲಿಲ್ಲ.

"ಸರಸ್ವತಿ! ನೀನಾ? ನನ್ನ ನಲವತ್ತು ವರ್ಷದ ಕೆಲಸದಾಗ ಕೈ ಇಟ್ಟಿಯಾ? ಮೇಡಂ, ಇದರಾಗ ನಂದೇನೂ ಇಲ್ಲ. ಹೆಂಗಸರ ತಿಳುವಳಿಕಿ, ಅಡಗಿ ಮನಿ ಬುದ್ಧಿ. ಆಕೀನ್ನ ಏನು ಕೇಳೋದದ ಕೇಳ್ರಿ. ಕರ್ಕೊಂಡು ಹೋಗ್ತೀನಂದ್ರ ಹೋಗ್ರಿ, ನಾ ಅಡ್ಡ ಬರಂಗಿಲ್ಲ."

ಹೆಂಡತಿ ಗಂಡನಿಗೆ ಬೆನ್ನು ತಿರುಗಿಸಿದರು. ಆಮೇಲೆ ಬಸವೇಶ್ವರಿಗೆ ಹೇಳಿದರು, ಗಂಡನಿಗಲ್ಲ.

"ಆವತ್ತು ಇವರು ಉಣಲಿಲ್ಲ. ಇದಕ್ಕೊಂದು ಗಡ್ಡ ಇದ್ದಿದ್ರ ಸರಸ್ವತಿ, ಗಡ್ಡ ಒಂದು ಇದ್ದಿದ್ರ, ಅಂತ ಗೋಡಿ ಕಡೆ ತಿರುಗಿ ಮಲಗಿದ್ರು. ಮುಂಜಾನೆ ಎದ್ದು ಹಚ್ಚಿದೆ. ಕೂಸಿಗೆ ದೃಷ್ಟಿಬಟ್ಟು ಇಡೋ ಹಂಗ. ಸತ್ತದ್ದನ್ನ ಮುಟ್ಟಿದ್ರ ಮಡಿ ಕೆಡ್ತದ. ಇಕ್ಕಳ ಆದ್ರ ಬೆಂಕಿಗೆ ಹಿಡದ್ರ ಶುದ್ಧ. ಮುಟ್ಟದ, ತಿರುವಿ ನೋಡದ, ಗಂಡೋ ಹೆಣ್ಣೋ ನನಗೆಂಗ ತಿಳೀಬೇಕು?"

"ರಾಯರಿಗೆ ತಿಳೀತಲ್ಲ."

"ಇವರಿಗೆ ಎಲ್ಲಾ ತಿಳೀತದ. ಹೆಣ್ಣಿಗೆ ಗಡ್ಡ ಹಚ್ಚಿ ತಪ್ಪು ಮಾಡಿದಿ ಅನ್ನಲಿಲ್ಲ. ಹೆಣ್ಣಿಗೂ ಗಡ್ಡ ಅದ ಅಂತ ಬರಸಿದ್ರು."

"ಬಾಯಿ ಮುಚ್ಚು!" ಅಂದರು ರಾಯರು.

"ಭಾರ್ಗವ?" ಅಂದಳು ಬಸವೇಶ್ವರಿ.

"ಬಂದಿದ್ದ. ಅಂವ ಬರಲಿಲ್ಲ ಅಂತ ಇವರು ಹೇಳಿದ್ದು ಸುಳ್ಳು. ಈ ಭರಣಿಯೊಳಗ ಮಸಿ ಇಳದದ್ದು ನೋಡಿ ಬಂದಿದ್ದ. ಸರ್, ಸನ್ಮಾನ ಆಗೋಕಿಂತ ಮೊದಲು ನಾವ ಹಿಂದಕ್ಕ ತಗೊಳ್ಳೋಣ, ತಪ್ಪಾತು ಅನ್ನೋಣ ಅಂತ ಕಾಲು ಹಿಡದ. ಅಳ್ತಿದ್ದ ಕೂಸು."

ಕಾರಣ ಇದ್ದ ಇನ್ನೊಬ್ಬ. ಸಿಐ ಕೇಳಿದ್ದು ಅದೇ. ಬಸವೇಶ್ವರಿ ಫೋನು ತೆಗೆದಳು. ಖೋಲಿಯೊಳಗೆ ಸಿಗ್ನಲ್ ಇರಲಿಲ್ಲ. ಕಟ್ಟೆಗೆ ಬಂದು, ಒದ್ದೆ ಸೀರೆಗೆ ತಾಗದಂತೆ ಸರಿದು ನಿಂತು, ಮಾತಾಡಿದಳು.

"ಸಾರ್, ಕುರುಮಯ್ಯನ್ನ ಕೋರ್ಟಿನೊಳಗ ಒಯ್ಯಬ್ಯಾಡ್ರಿ. ಇನ್ನೊಬ್ಬರು ಅದಾರ. ಕಾರಣ ಐತಿ, ಸುಳ್ಳು ಹೇಳಿದ್ದೂ ಐತಿ."

"ಸಾಕ್ಷ್ಯಮು?"

"ಭರಣಿ ಐತ್ರಿ ಸಾರ್. ಬಾವಲಿ ಗದ್ದದ ಮ್ಯಾಲೆ..."

ಹಿಂದೆ ಮುಚ್ಚಳ ತಿರುಗಿಸಿದ ಸದ್ದಾಯಿತು.

ಅವಳು ಒಳಗೆ ಹಾರಿದಾಗ ರಾಯರು ಮೇಜಿನ ಹತ್ತಿರ ನಿಂತಿದ್ದರು. ಸ್ಪಿರಿಟ್ಟು ಮೂಲೆಯ ಮೋರಿಯಲ್ಲಿ ಗುಳುಗುಳು ಅನ್ನುತ್ತಿತ್ತು. ಮಸಿಯೂ ಅದರ ಜೊತೆಗೇ ಹೋಗಿತ್ತು. ಅವರ ಎಡಗೈಯಲ್ಲಿ ಬಾವಲಿ. ಬಲಗೈಯ ಹೆಬ್ಬೆರಳಿಗೆ ಧೋತರದ ಚುಂಗು ಸುತ್ತಿ, ಗದ್ದದ ಮೇಲೆ ಒಂದೇ ಒಂದು ಸಲ ಎಳೆದರು. ತಡಕಾಡಲಿಲ್ಲ. ಮೂಗಿಗೆ ತಾಗಲಿಲ್ಲ, ಕಿವಿಗೆ ತಾಗಲಿಲ್ಲ. ನೇರ ಗದ್ದಕ್ಕೆ ಹೋಯಿತು ಬೆರಳು.

"ಎಲ್ಲದ ಗಡ್ಡ?" ಅಂದರು. ಬಾವಲಿಯನ್ನು ಅವಳ ಕಾಲ ಬುಡಕ್ಕೆ ಒಗೆದರು. "ಬತ್ತಲೆ ಹೊಟ್ಟಿ ಬಾವಲಿ. ಹೆಣ್ಣು. ಈ ಸೀಮ್ಯಾಗ ಎಲ್ಲಾ ಗುಮ್ಮಟದಾಗೂ ಸಿಗ್ತದ. ಪೊಲೀಸರು ನನ್ನ ಬಾವಲಿ ಬದಲಿ ಮಾಡ್ಯಾರ ಅಂತ ನಾ ಹೇಳ್ತೀನಿ. ನಿಮ್ಮ ಮಾತು ಯಾರು ಕೇಳ್ತಾರ? ಆ ಕೃಷ್ಣಪ್ರಿಯಾ? ಸತ್ತವನ ಗೆಳತಿ ಆಕಿ. ಇನ್ನ ಹೆಂಡ್ತಿ? ಗಂಡನ ಮ್ಯಾಲೆ ಸಿಟ್ಟಾದ ಹೆಂಡ್ತಿ ನೂರು ಹೇಳ್ತಾಳ."

ಬಸವೇಶ್ವರಿ ಅವರ ಮಣಿಕಟ್ಟು ಹಿಡಿದಳು. ಹೆಬ್ಬೆರಳು, ಚುಂಗು, ಎರಡೂ ಕಪ್ಪು.

"ನಿಮಗ ಕಣ್ಣು ಕಾಣಸ್ತಾವ."

"ನಲವತ್ತು ವರ್ಷ ಮುಟ್ಟೀನಿ. ಕೈಗೆ ಗೊತ್ತದ." ಅವರು ಕೈ ಬಿಡಿಸಿಕೊಳ್ಳಲು ನೋಡಲಿಲ್ಲ. ದಣಿದವರ ಹಾಗೆ ನಿಂತರು. "ಬಿಡವಾ. ಆ ಹಿಕ್ಕಿ ಬಳಿಯಾಂವಗ ಜೈಲಾದ್ರೇನು, ಗುಮ್ಮಟಾದ್ರೇನು? ಎರಡೂ ಕಡೆ ಕತ್ತಲಿ. ನನಗ ಭಾನುವಾರ ಒಂದ ದಿನ ಕೊಡು."

ಬಸವೇಶ್ವರಿಗೆ ಕಪಾಳಕ್ಕೆ ಹೊಡೆಯಬೇಕು ಅನ್ನಿಸಿತು. ಹೊಡೆಯಲು ಕೈ ಖಾಲಿ ಇರಲಿಲ್ಲ. ಒಂದರಲ್ಲಿ ರಾಯರ ಮಣಿಕಟ್ಟು, ಇನ್ನೊಂದರಲ್ಲಿ ಕೂಗುತ್ತಿದ್ದ ಫೋನು.

"ಹಲೋ? ಹಲೋ! ಏಮಮ್ಮಾ, ಭರಣಿ ಇದೆಯೋ ಇಲ್ಲವೋ? ಕುರುಮಯ್ಯನ ಹೆಸರು ಕೂಗ್ತಿದ್ದಾರೆ. ಒಳಗೆ ಕರ್ಕೊಂಡು ಹೋಗ್ತಿದ್ದೀನಿ."

"ಸಾರ್, ಒಂದ ನಿಮಿಷ, ಒಂದು..."

ಹೊಸ್ತಿಲ ಕಡೆ ಕಬ್ಬಿಣ ಬಿದ್ದ ಸದ್ದಾಯಿತು. ಸರಸ್ವತಿಬಾಯಿ ಇಕ್ಕಳ ಕೆಳಗೆ ಹಾಕಿ, ಹೊಸ್ತಿಲು ದಾಟಿ, ಉಟ್ಟ ಮಡಿ ಸೀರೆಯಲ್ಲೇ ಹೊರಗಿನ ಖೋಲಿಗೆ ಬಂದಿದ್ದರು. ಬಗ್ಗಿ, ನೆಲದ ಮೇಲಿನ ಸತ್ತ ಬಾವಲಿಯನ್ನು ಬರೀ ಕೈಯಲ್ಲಿ ಎತ್ತಿಕೊಂಡರು. ರಾಯರು ಕಪ್ಪು ಕನ್ನಡಕ ತೆಗೆದು ಹೆಂಡತಿಯ ಕೈಯನ್ನೇ ನೋಡಿದರು. ಕಣ್ಣಲ್ಲಿ ಪೊರೆಯಿರಲಿಲ್ಲ.

"ಅವರಿಗೆ ಹೇಳವಾ, ನಾ ಹೇಳೀನಿ ಅಂತ," ಅಂದರು ಸರಸ್ವತಿಬಾಯಿ. "ಆ ಹುಡುಗ ಗುಮ್ಮಟದಾಗ ಬಿದ್ದದ್ದಲ್ಲ. ಈ ಖೋಲಿಯೊಳಗ, ಇವರ ಕೈಲೆ ತಲಿ ಒಡಸಿಕೊಂಡು ಬಿದ್ದ. ಕಾರು ನಡಿಸಿದವರು ಇವರ. ಹಿಂದಿನ ಸೀಟಿನಾಗ ನಾನಿದ್ದೆ, ಅವನ ತಲಿ ನನ್ನ ತೊಡಿ ಮ್ಯಾಲಿತ್ತು. ಗುಮ್ಮಟದಾಗ ಇಳಿಸಿ ಬರೋ ಮುಂದ ಇನ್ನೂ ಉಸರಾಡ್ತಿದ್ದ."